ಸೋತವರಿಗೂ ತಿಳಿಯುವ ತೀರ್ಪು

ನಮ್ಮ ನಾಡಿನ ತಾಲೂಕು ನ್ಯಾಯಾಲಯಗಳಲ್ಲಿ ದಕ್ಷತೆಗೆ ಹೆಸರಾದ ನ್ಯಾಯಾಧೀಶರಿದ್ದಾರೆ, ಪಾಂಡಿತ್ಯಕ್ಕೆ ಹೆಸರಾದವರಿದ್ದಾರೆ, ಪ್ರಕರಣಗಳನ್ನು ಬೇಗ ಮುಗಿಸುವುದಕ್ಕೆ ಹೆಸರಾದವರೂ ಇದ್ದಾರೆ. ಬರವಣಿಗೆಗೆ ಹೆಸರಾದವರನ್ನು ಹುಡುಕಹೊರಟರೆ ನನಗೆ ಮೊದಲು ನೆನಪಾಗುವವರು ಗೋಕಾಕದ ಹೆಚ್ಚುವರಿ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರಾಗಿ ಈಚೆಗೆ ನಿವೃತ್ತರಾದ ಶ್ರೀಮತಿ ಅನ್ನಪೂರ್ಣಾ ಗುರುಲಿಂಗಪ್ಪ ಮುಗಳಿ ಅವರು. ಅವರ ತೀರ್ಪುಗಳನ್ನು ಹೊಸ ನ್ಯಾಯಾಧೀಶರು ಮೊಬೈಲಿನಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸಿಕೊಂಡು ಓದುತ್ತಾರೆ. ವಕೀಲರು ತಮ್ಮ ಕಿರಿಯರ ಕೈಗೆ ಕೊಟ್ಟು “ಹಿಂಗ ಬರೀಬೇಕು ನೋಡ್ರಿ” ಎನ್ನುತ್ತಾರೆ. ಗೆದ್ದವರು ತೀರ್ಪನ್ನು ಓದುವುದು ಸಹಜ. ಇವರ ತೀರ್ಪನ್ನು ಸೋತವರೂ ಕೊನೆಯ ಸಾಲಿನವರೆಗೆ ಓದಿ, ತಾವು ಸೋತದ್ದು ಯಾಕೆಂದು ತಿಳಿದುಕೊಂಡು ಮನೆಗೆ ಹೋಗುತ್ತಿದ್ದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಶೈಲಾ ಮಗದುಮ್ಮ, ಯಮಕನಮರಡಿಯವಳು, ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ. ಹೆದ್ದಾರಿಯ ಬದಿಯಲ್ಲಿ ನಮ್ಮ ತಂದೆಯ ಟಾಯರ್ ಅಂಗಡಿಯಿತ್ತು. ಲಾರಿಗಳ ಸದ್ದಿನ ನಡುವೆಯೇ ಕುಳಿತು ಶೀಘ್ರಲಿಪಿ ಅಭ್ಯಾಸ ಮಾಡಿದವಳಾದ್ದರಿಂದ ಎಂಥ ಗದ್ದಲದಲ್ಲೂ ಮಾತನ್ನು ಹಿಡಿದು ಬರೆಯಬಲ್ಲೆನೆಂಬ ಹೆಮ್ಮೆ ನನಗಿತ್ತು. ಮೊದಲು ಹುಕ್ಕೇರಿಯಲ್ಲಿ, ಆಮೇಲೆ ಗೋಕಾಕ ಮೂಡಲಗಿಗಳಲ್ಲಿ ಮುಗಳಿ ಮೇಡಂ ಅವರ ಎದುರು ಕುಳಿತು ಅವರು ಹೇಳಿದ್ದನ್ನು ಬರೆದುಕೊಂಡಿದ್ದೇನೆ. ಇಷ್ಟು ವರ್ಷ ಬರೆದದ್ದೆಲ್ಲ ಬೇರೆಯವರ ಮಾತು. ಈ ಅಭಿನಂದನ ಗ್ರಂಥಕ್ಕೆ ನನ್ನದೇ ಮಾತಿನಲ್ಲಿ ಒಂದು ಲೇಖನ ಬೇಕೆಂದು ಸಂಪಾದಕರು ಫೋನು ಮಾಡಿದಾಗ ನನಗಾದ ಸಂಭ್ರಮವನ್ನು ಹೇಗೆ ಹೇಳಲಿ! ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟದ್ದನ್ನೇ ಮರೆತು, ಅದು ಉಕ್ಕಿ ಹರಿಯುವವರೆಗೂ ಮೊದಲ ವಾಕ್ಯ ಯಾವುದಿರಬೇಕೆಂದು ಯೋಚಿಸುತ್ತ ನಿಂತುಬಿಟ್ಟಿದ್ದೆ.

ಮೇಡಂ ಅವರು ಜಮಖಂಡಿ ಕಡೆಯ ಬಟ್ಟೆ ವ್ಯಾಪಾರಿಗಳ ಮನೆತನದವರು. ಬಸವಣ್ಣನವರ ದಾರಿಯಲ್ಲಿ ನಡೆಯುವ ಮನೆ. ತಂದೆ ಗುರುಲಿಂಗಪ್ಪನವರು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಊರವರ ಜಗಳ ಬಿಡಿಸುತ್ತಿದ್ದರಂತೆ. ಮಗಳು ಕಾನೂನು ಓದಿ, ಸಿವಿಲ್ ನ್ಯಾಯಾಧೀಶೆಯಾಗಿ ಹುಕ್ಕೇರಿಗೆ ಬಂದಾಗ ನಾನೂ ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಅಂದಿನ ಅವರ ತೀರ್ಪುಗಳ ಭಾಷೆ ಈಗ ನಾವು ಮೆಚ್ಚುವಂಥದ್ದಾಗಿರಲಿಲ್ಲ. ಎಲ್ಲರಂತೆ ಅವರೂ “ಸದರಿ”, “ಮೇಲ್ಕಾಣಿಸಿದ”, “ತತ್ಸಂಬಂಧ” ಎಂದು ಒಂದೊಂದು ವಾಕ್ಯವನ್ನು ಅರ್ಧ ಪುಟಕ್ಕೆ ಎಳೆಯುತ್ತಿದ್ದರು. ಹಾಗೆ ಬರೆದರೇನೇ ಅದು ತೀರ್ಪು ಎಂದು ನಾವೆಲ್ಲ ನಂಬಿದ್ದ ಕಾಲ ಅದು. ಅವರನ್ನು ಆ ನಂಬಿಕೆಯಿಂದ ಹೊರಗೆ ತಂದದ್ದು ದಡ್ಡಿ ಎಂಬ ಹಳ್ಳಿಯ ಒಂದು ಮೊಕದ್ದಮೆ.

ದಡ್ಡಿಯಲ್ಲಿ ಹೊಳೆಪ್ಪನೆಂಬ ಕುರುಬರ ಹಿರಿಯನಿದ್ದ. ಅವನ ಹಿಂಡು ಘಟಪ್ರಭೆಗೆ ನೀರು ಕುಡಿಯಲು ಹೋಗಬೇಕಾದರೆ ಅಣ್ಣಾಸಾಹೇಬನೆಂಬ ರೈತನ ಹೊಲವನ್ನು ಹಾಯಬೇಕು. ಅಪ್ಪ ಅಜ್ಜನ ಕಾಲದಿಂದ ನಡೆದು ಬಂದ ದಾರಿ ಎಂದು ಇವನು, ದಾರಿಯೇ ಇಲ್ಲವೆಂದು ಅವನು. ದಾವೆ ನಡೆದು ಹೊಳೆಪ್ಪ ಗೆದ್ದ. ತೀರ್ಪಿನ ಕೊನೆಯ ಆದೇಶವನ್ನು ನಾನೇ ಬೆರಳಚ್ಚು ಮಾಡಿದ್ದೆ: “ವಾದಿಯು ದಾವಾ ಜಮೀನಿನ ಬದುವಿನ ಮೂಲಕ ರೂಢಿಯಂತೆ ಹೋಗಿ ಬರುವ ಹಕ್ಕನ್ನು ಹೊಂದಿರುತ್ತಾನೆ, ಪ್ರತಿವಾದಿಯು ಅದಕ್ಕೆ ಅಡ್ಡಿಪಡಿಸತಕ್ಕದ್ದಲ್ಲ.” ಓದಲು ಚೆನ್ನಾಗಿಯೇ ಇತ್ತು. ಆದರೆ ಆ ಹೊಲಕ್ಕೆ ಎರಡು ಬದುಗಳಿದ್ದವು. ಪೂರ್ವದ ಬದು ಹೊಳೆಗೆ ನೆಟ್ಟಗೆ ಹೋಗುತ್ತದೆ, ಪಶ್ಚಿಮದ್ದು ಸುತ್ತಿ ಬಳಸಿ ಹೋಗುತ್ತದೆ. ತೀರ್ಪು ಬಂದ ಮರುವಾರವೇ ಹೊಳೆಪ್ಪ ಹಿಂಡನ್ನು ಪೂರ್ವದ ಬದುವಿಗೆ ತಿರುಗಿಸಿದ. ಅಣ್ಣಾಸಾಹೇಬ ಅಡ್ಡ ನಿಂತ. ಮಾತಿಗೆ ಮಾತು ಬೆಳೆದು ಬಡಿಗೆ ಎದ್ದು ಹೊಳೆಪ್ಪನ ಮುಂಗೈ ಮುರಿಯಿತು.

ಮರುದಿನ ಕಲಾಪ ಶುರುವಾಗುವ ಹೊತ್ತಿಗೆ ಇಬ್ಬರೂ ತಂತಮ್ಮ ವಕೀಲರೊಡನೆ ಕೋರ್ಟಿನಲ್ಲಿ ಹಾಜರು. ಹೊಳೆಪ್ಪನ ಕೈಗೆ ಪಟ್ಟಿ ಕಟ್ಟಿತ್ತು. ಇಬ್ಬರ ಕೈಯಲ್ಲೂ ಒಂದೇ ತೀರ್ಪಿನ ನಕಲು.

“ಸಾಹೇಬ್ರ, ಬದುವಿನ ಮ್ಯಾಲೆ ಹೋಗಂತ ನೀವ ಬರದೀರಿ. ನಾ ಬದುವಿನ ಮ್ಯಾಲೇನ ಹೋಗಿದ್ದೆ” ಎಂದ ಹೊಳೆಪ್ಪ.

“ರೂಢಿಯಂತೆ ಅಂತ ಬರದೀರಲ್ರಿ! ರೂಢಿ ಇರೂದು ಪಡುವಲ ಬದುವಿಗೆ. ನಾನೂ ನಿಮ್ಮ ಮಾತಿನಂಗ ನಡಕೊಂಡೇನ್ರಿ” ಎಂದ ಅಣ್ಣಾಸಾಹೇಬ.

ಮೇಡಂ ತೀರ್ಪನ್ನು ತೆಗೆದುಕೊಂಡು ಆ ವಾಕ್ಯವನ್ನು ತಾವೇ ಗಟ್ಟಿಯಾಗಿ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ತುಂಬಿದ ನ್ಯಾಯಾಲಯದಲ್ಲಿ, ವಕೀಲರು ಕಕ್ಷಿದಾರರು ಪೊಲೀಸರು ಎಲ್ಲರೂ ಕೇಳುವಂತೆ, ಅವರು ಆಡಿದ ಮಾತು ಹುಕ್ಕೇರಿಯ ಆ ಸಭಾಂಗಣ ಅದುವರೆಗೂ ಕೇಳಿರದ ಮಾತು: “ಇಬ್ಬರೂ ಖರೇನ ಹೇಳಾಕತ್ತೀರಿ. ಬಡಿಗಿ ಎತ್ತಿದ್ದಕ್ಕ ಬ್ಯಾರೆ ಕೇಸ ಆಕ್ಕೈತಿ, ಅದನ್ನ ಅಲ್ಲಿ ನೋಡೂಣು. ಆದ್ರ ಈ ಜಗಳ ಹುಟ್ಟಿದ್ದು ಈ ವಾಕ್ಯದಾಗ. ಈ ವಾಕ್ಯ ನಂದು.”

ಹಿರಿಯ ವಕೀಲರೊಬ್ಬರು ಆಮೇಲೆ ಕೊಠಡಿಗೆ ಬಂದು, ನ್ಯಾಯಪೀಠ ಹಾಗೆಲ್ಲ ಒಪ್ಪಿಕೊಳ್ಳಬಾರದು, ಪೀಠದ ಗೌರವಕ್ಕೆ ಕುಂದು ಎಂದು ಬುದ್ಧಿ ಹೇಳಿದರು. ಮೇಡಂ ಆ ವಕೀಲರಿಗೆ ಚಹಾ ತರಿಸಿ ಕೊಟ್ಟು, ಆದೇಶವನ್ನು ಸ್ಪಷ್ಟಪಡಿಸಲು ಅರ್ಜಿ ಹಾಕುವಂತೆ ಕಕ್ಷಿದಾರರಿಗೆ ತಿಳಿಸಿದರು. ಅರ್ಜಿ ಬಂತು. ಉಭಯರ ಸಮ್ಮುಖದಲ್ಲಿ ಸ್ಥಳ ಪರಿಶೀಲನೆಗೆ ನಾವು ಜೀಪಿನಲ್ಲಿ ದಡ್ಡಿಗೆ ಹೋದೆವು. ಆ ದಿನ ಮೇಡಂ ಸೀರೆಯ ನೆರಿಗೆ ಎತ್ತಿ ಹಿಡಿದು, ಎರಡೂ ಬದುಗಳ ಮೇಲೆ ಹೊಳೆಯವರೆಗೆ ನಡೆದು ಬಂದರು. ಹಿಂದೆ ಹೊಳೆಪ್ಪ, ಅವನ ಹಿಂದೆ ಅಣ್ಣಾಸಾಹೇಬ, ಅವರ ಹಿಂದೆ ಕೆಸರಿನಲ್ಲಿ ಜಾರುತ್ತ ಇಬ್ಬರು ವಕೀಲರು. ಪೂರ್ವದ ಬದುವಿನ ಮೇಲೆ ಗೊರಸು ತುಳಿದು ಗಟ್ಟಿಯಾದ ಹಳೆಯ ಸವಕಲು ದಾರಿ ಎದ್ದು ಕಾಣುತ್ತಿತ್ತು. ದಾವೆಯ ಸಾಕ್ಷಿಗಳು ಹೇಳಿದ್ದೂ ಅದನ್ನೇ. ತಿದ್ದಿದ ಆದೇಶವನ್ನು ಮೇಡಂ ಅಲ್ಲೇ ಬೇವಿನ ಮರದ ಕೆಳಗೆ ನಿಂತು ಕರಡು ಮಾಡಿಸಿದರು. ಯಾವ ಬದು, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಅಗಲ, ಪೈರಿಗೆ ಬಾಯಿ ಹಾಕಿದರೆ ಯಾರು ಹೊಣೆ, ಎಲ್ಲವೂ ಸಣ್ಣ ಸಣ್ಣ ವಾಕ್ಯಗಳಲ್ಲಿ. ಓದಿ ಹೇಳಿ, “ಇದರಾಗ ಎರಡ ಅರ್ಥ ಯಾರಿಗರ ಕಾಣಿಸ್ತಾವೇನ್ರಿ?” ಎಂದು ಕೇಳಿದರು. ಅಣ್ಣಾಸಾಹೇಬ ಬಹಳ ಹೊತ್ತು ಯೋಚಿಸಿ, “ಇಲ್ಲರಿ. ಕಾಣಿಸಿದ್ರ ಬಿಡತಿದ್ದಿಲ್ಲರಿ” ಎಂದ. ಮುರಿದ ಕೈಯ ಹೊಳೆಪ್ಪನೂ ನಕ್ಕುಬಿಟ್ಟ.

ಮರಳುವಾಗ ಜೀಪಿನಲ್ಲಿ ಮೇಡಂ ಹೇಳಿದ ಮಾತು ನನ್ನ ವೃತ್ತಿಯನ್ನೇ ಬದಲಿಸಿತು. “ಇಷ್ಟ ದಿನ ನಾ ಮ್ಯಾಲಿನ ಕೋರ್ಟಿನವರು ಓದತಾರಂತ ಬರೀತಿದ್ದೆ ಶೈಲಾ. ಮೊದಲ ಓದಾವರು ಹೊಲದಾಗಿನವರು.”

ಅಂದಿನಿಂದ ಅವರು ಬರೆಯುವ ರೀತಿಯೇ ಬೇರೆಯಾಯಿತು. ತೀರ್ಪನ್ನು ಆರಂಭಿಸುವ ಮೊದಲು ಪ್ರಕರಣದಲ್ಲಿ ತೀರ್ಮಾನವಾಗಬೇಕಾದ ಪ್ರಶ್ನೆ ಯಾವುದೆಂದು ಒಂದೇ ವಾಕ್ಯದಲ್ಲಿ ಬರೆಸುತ್ತಿದ್ದರು. ಆ ವಾಕ್ಯ ಸಿಗದಿದ್ದರೆ ಕಡತವನ್ನು ಮತ್ತೆ ಓದುತ್ತಿದ್ದರು, ಬರೆಯಲು ಕೂರುತ್ತಲೇ ಇರಲಿಲ್ಲ. ಘಟನೆಗಳನ್ನು ನಡೆದ ಕ್ರಮದಲ್ಲಿಯೇ ಹೇಳುತ್ತಿದ್ದರು. ಸಾಕ್ಷಿಗಳ ಮಾತನ್ನು ಪುಟಗಟ್ಟಲೆ ಹಾಗೆಯೇ ಎತ್ತಿ ಬರೆಯುವುದನ್ನು ಬಿಟ್ಟು, ಅದರಲ್ಲಿ ಯಾವುದನ್ನು ಒಪ್ಪಿದೆ, ಯಾವುದನ್ನು ಒಪ್ಪಲಿಲ್ಲ ಎಂದು ಹೇಳುತ್ತಿದ್ದರು. ಪ್ರತಿ ತೀರ್ಮಾನದ ಹಿಂದೆಯೇ “ಏಕೆಂದರೆ” ಎಂದು ತಪ್ಪದೆ ಬರಬೇಕು. ಆ ಪದದ ಮುಂದೆ ಹೇಳಲು ಏನೂ ಇಲ್ಲವಾದರೆ ತೀರ್ಮಾನವೇ ಇನ್ನೂ ಆಗಿಲ್ಲವೆಂದು ಅವರ ಲೆಕ್ಕ. ಸಾಕ್ಷಿ ಸುಳ್ಳು ಹೇಳಿದ್ದರೂ ಅವರನ್ನು ಹೀಯಾಳಿಸುವ ಒಂದು ಪದವನ್ನೂ ನಾನು ಬರೆದುಕೊಳ್ಳಲಿಲ್ಲ. ನನಗಂತೂ ಒಂದು ವಿಶೇಷ ಅಧಿಕಾರವನ್ನೇ ಕೊಟ್ಟಿದ್ದರು: ವಾಕ್ಯ ಉದ್ದವಾಗಿ ನನಗೆ ಅರ್ಥವಾಗದೆ ಹೋದರೆ ಪೆನ್ಸಿಲ್ಲನ್ನು ಕೆಳಗಿಡಬೇಕು. ಮೊದಮೊದಲು ಹೆದರುತ್ತಿದ್ದೆ. ಒಮ್ಮೆ ಧೈರ್ಯಮಾಡಿ ಇಟ್ಟೆ. ಮೇಡಂ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ, ಆ ವಾಕ್ಯವನ್ನು ಮೂರು ತುಂಡು ಮಾಡಿ, “ಈಗ ಹತ್ತಿತೇನ್ರಿ ಕೈಗೆ?” ಎಂದು ಕೇಳಿದರು.

ಅವರ ವಾತ್ಸಲ್ಯವನ್ನು ನೆನೆಯದೆ ಮುಂದೆ ಹೋಗಲಾರೆ. ಶೀಘ್ರಲಿಪಿಯ ಪ್ರೌಢ ಪರೀಕ್ಷೆಯಲ್ಲಿ ನಾನು ಒಮ್ಮೆ ನಪಾಸಾಗಿದ್ದೆ. ಬಡ್ತಿಯ ಆಸೆ ಬಿಟ್ಟಿದ್ದೆ. ಅದು ಅವರಿಗೆ ಹೇಗೋ ತಿಳಿಯಿತು. ಮಧ್ಯಾಹ್ನದ ವಿರಾಮದಲ್ಲಿ ತಮ್ಮ ರೊಟ್ಟಿಯ ಡಬ್ಬಿಯನ್ನು ಮುಚ್ಚಿಟ್ಟು, ಗಡಿಯಾರ ಎದುರಿಗಿಟ್ಟುಕೊಂಡು, ಪರೀಕ್ಷೆಯ ವೇಗದಲ್ಲಿ ದಿನಪತ್ರಿಕೆಯನ್ನು ನನಗಾಗಿ ಓದಿ ಬರೆಸಿದರು. ಒಂದಿಡೀ ಬೇಸಿಗೆ ಹೀಗೆ ನಡೆಯಿತು. ನಾನು ಪಾಸಾದ ದಿನ ನನಗಿಂತ ಹೆಚ್ಚು ಕುಣಿದಾಡಿದವರು ಅವರೇ. ಇಡೀ ಕಚೇರಿಗೆ ಗೋಕಾಕ ಕರದಂಟು ಹಂಚಿದರು.

ಹುಕ್ಕೇರಿಯಿಂದ ಅವರಿಗೆ ಬೇರೆ ಜಿಲ್ಲೆಗಳಿಗೆ ವರ್ಗವಾಯಿತು. ವರ್ಷಗಳ ನಂತರ ಹಿರಿಯ ಸಿವಿಲ್ ನ್ಯಾಯಾಧೀಶೆಯಾಗಿ ಗೋಕಾಕಕ್ಕೆ ಬಂದರು. ಅಷ್ಟರಲ್ಲಿ ನನಗೂ ಅಲ್ಲಿಗೇ ವರ್ಗವಾಗಿತ್ತು. ಮತ್ತೆ ಅವರ ಎದುರಿನ ಕುರ್ಚಿ ನನ್ನದಾದ ದಿನದ ಸಂತೋಷ ಇಂದಿಗೂ ಹಸಿರಾಗಿದೆ. ಆಗ ಮೂಡಲಗಿ ನ್ಯಾಯಾಲಯದ ಹುದ್ದೆ ಖಾಲಿಯಿದ್ದುದರಿಂದ ಅದರ ಹೊಣೆಯೂ ಅವರ ಮೇಲಿತ್ತು. ಜೊತೆಗೆ ಉಮೇಶ ಎಂಬ ತರುಣ ನ್ಯಾಯಾಧೀಶರು ಹೊಸಪೇಟೆ ಕಡೆಯಿಂದ ತರಬೇತಿಗೆ ಬಂದಿದ್ದರು. ಮುಗಿದುಹೋದ ಒಂದು ಹಳೆಯ ಕಡತವನ್ನು ಕೊಟ್ಟು, ಅಭ್ಯಾಸಕ್ಕಾಗಿ ತೀರ್ಪು ಬರೆಯಲು ಉಮೇಶ ಅವರಿಗೆ ಮೇಡಂ ಹೇಳಿದರು. ಸಂತೆಪೇಟೆಯ ಒಂದು ಅಂಗಡಿಯಲ್ಲಿ ತನಗೂ ಪಾಲಿದೆಯೆಂದು ತಂಗಿಯೊಬ್ಬಳು ಅಣ್ಣನ ಮೇಲೆ ಹಾಕಿದ್ದ ದಾವೆ ಅದು. ಉಮೇಶ ಅವರು ವಾರವಿಡೀ ದುಡಿದು ನಲವತ್ತು ಪುಟ ಬರೆದು ತಂದರು. ಅದರ ಬಹುಪಾಲು ಮೇಲಿನ ನ್ಯಾಯಾಲಯಗಳ ತೀರ್ಪುಗಳಿಂದ ಎತ್ತಿ ಅಂಟಿಸಿದ್ದು. ಉಳಿದದ್ದರಲ್ಲಿ “ಒಂದನೆಯ ಸಾಕ್ಷಿ”, “ಎರಡನೆಯ ಸಾಕ್ಷಿ” ಎಂಬ ಲೆಕ್ಕ. ಮೇಡಂ ಪೂರ್ತಿ ಓದಿ, ಕನ್ನಡಕ ತೆಗೆದು, “ಈ ತಂಗಿ ಹೆಸರೇನ್ರಿ?” ಎಂದರು.

ಉಮೇಶ ಅವರು ತಡಬಡಾಯಿಸಿದರು. “ವಾದಿ, ಮೇಡಂ... ಒಂದನೆಯ ಸಾಕ್ಷಿ.”

“ನಲವತ್ತ ಪುಟ ಆಕಿ ಬಗ್ಗೆ ಬರದೀರಿ. ಹೆಸರ ಗೊತ್ತಿಲ್ಲೇನ್ರಿ? ಆಕಿ ಏನ ಕೇಳಿದ್ಳು, ಅದಕ್ಕ ನೀವ ಏನ ಉತ್ತರಾ ಕೊಟ್ರಿ?”

ಆ ಮಧ್ಯಾಹ್ನ ಉಮೇಶ ಅವರಿಗೆ ಮೇಡಂ ಕೊಟ್ಟ ಕೆಲಸ ವಿಚಿತ್ರವಾದದ್ದು: ತೀರ್ಪನ್ನು ಮುಟ್ಟದೆ, ಸೋಲುವ ಕಕ್ಷಿಯ ವಾದವನ್ನು ಮಾತ್ರ ಬರೆಯಬೇಕು, ಎಷ್ಟು ಚೆನ್ನಾಗಿ ಎಂದರೆ, ಆ ಕಕ್ಷಿಯ ವಕೀಲರೇ ಓದಿ “ನಾನು ಹೇಳಬೇಕಾದದ್ದು ಇದನ್ನೇ” ಎನ್ನಬೇಕು. ಆಮೇಲೆ ಅದಕ್ಕೆ ಉತ್ತರ ಬರೆಯಬೇಕು. ಉತ್ತರ ಸಿಕ್ಕರೆ ಅದೇ ತೀರ್ಪು. ಸಿಗದಿದ್ದರೆ ಗೆಲ್ಲಬೇಕಾದವರು ಬೇರೆ. ಉಮೇಶ ಅವರು ಎರಡು ದಿನ ಬಿಟ್ಟು ಎಂಟು ಪುಟ ತಂದರು. ಅದರಲ್ಲಿ ತಂಗಿಗೆ ಹೆಸರಿತ್ತು, ಅಣ್ಣನಿಗೂ ಹೆಸರಿತ್ತು, ಅಂಗಡಿಯ ಬಾಗಿಲು ಯಾವ ದಿಕ್ಕಿಗಿದೆಯೆಂದೂ ಇತ್ತು! ಅವರೀಗ ದಕ್ಷಿಣದ ಒಂದು ಜಿಲ್ಲೆಯಲ್ಲಿ ನ್ಯಾಯಾಧೀಶರು. ಹೋದ ವರ್ಷ ಫೋನು ಮಾಡಿದ್ದರು. ತಮ್ಮೆದುರು ದಾವೆ ಸೋತ ಮುದುಕರೊಬ್ಬರು ಹೊರಡುವಾಗ ಕೈಮುಗಿದು, “ನಾನು ಹೇಳಿದ್ದನ್ನೆಲ್ಲ ನೀವು ಕೇಳಿಸಿಕೊಂಡಿದ್ದೀರಿ ಸ್ವಾಮಿ, ಇದರಲ್ಲಿ ಇದೆ” ಎಂದರಂತೆ. ಅದನ್ನು ಹೇಳುವಾಗ ಉಮೇಶ ಅವರ ದನಿಯಲ್ಲಿದ್ದ ಹಿಗ್ಗು ನನಗೂ ಹತ್ತಿತು.

ಇನ್ನು ನಾನು ಹೇಳಲೇಬೇಕಾದ ಪ್ರಕರಣ, ಅವರು ಬಡ್ತಿ ಪಡೆದು ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶೆಯಾಗಿ ಮತ್ತೆ ಗೋಕಾಕಕ್ಕೆ ಬಂದಾಗ ನಡೆದದ್ದು. ಅದನ್ನು ಬರೆಯಲು ಕುಳಿತರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಂಕಲಗಿಯ ಶೆಟ್ಟೆಪ್ಪನೆಂಬ ರೈತ ದೀಪಾವಳಿಯ ಮುಂಚಿನ ಒಂದು ಮಧ್ಯಾಹ್ನ ತನ್ನ ಹೊಲದ ದಾರಿಯಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತಿದ್ದ. ಬಾಜೂ ಹೊಲದ ಯಲ್ಲಾರಿಯೇ ಕೊಂದನೆಂದು ಆರೋಪ. ಇಬ್ಬರಿಗೂ ಒಂದೇ ಬಾವಿ. ನೀರಿನ ಪಾಳಿಗಾಗಿ ಜಗಳವಾಡಿದ್ದನ್ನು ಊರೇ ಕಂಡಿತ್ತು. ಯಲ್ಲಾರಿಯ ಅಂಗಿಯ ಮೇಲೆ ಶೆಟ್ಟೆಪ್ಪನ ರಕ್ತವಿತ್ತು. ಹಳ್ಳದ ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಲಖನ ಎಂಬುವನು, ಯಲ್ಲಾರಿ ಹೊಡೆದದ್ದನ್ನು ತಾನು ನೋಡಿದೆನೆಂದು ಸಾಕ್ಷಿ ಹೇಳಿದ್ದ. ಯಲ್ಲಾರಿಯದು ಒಂದೇ ಮಾತು: ಕೂಗು ಕೇಳಿ ಓಡಿ ಬಂದೆ, ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡೆ, ಆಗ ರಕ್ತ ಹತ್ತಿತು. ಅದನ್ನು ಯಾರು ನಂಬಬೇಕು? ಎರಡು ವರ್ಷದಿಂದ ಅವನು ಜೈಲಿನಲ್ಲಿದ್ದ. ವಾದ ಪ್ರತಿವಾದ ಮುಗಿದು ತೀರ್ಪಿಗೆ ದಿನ ಗೊತ್ತಾಯಿತು. ಅವನಿಗೆ ಶಿಕ್ಷೆಯಾಗುತ್ತದೆಂದು ಸರಕಾರಿ ವಕೀಲರಿಗೂ, ಅವನದೇ ವಕೀಲರಿಗೂ, ನನಗೂ ಅನುಮಾನವಿರಲಿಲ್ಲ. ಮೇಡಂ ಅವರಿಗೂ ಇರಲಿಲ್ಲ. ಅದನ್ನು ಅವರೇ ಆಮೇಲೆ ಹೇಳಿದ್ದಾರೆ.

ಕೊಠಡಿಯಲ್ಲಿ ಬರೆಸುತ್ತ ಕುಳಿತಿದ್ದರು. ಜಗಳದ ಭಾಗ ಮುಗಿಯಿತು, ರಕ್ತದ ಭಾಗ ಮುಗಿಯಿತು. “ಲಖನನ ಸಾಕ್ಷ್ಯವನ್ನು ನ್ಯಾಯಾಲಯವು ನಂಬುತ್ತದೆ, ಏಕೆಂದರೆ...” ಎಂದರು. ನನ್ನ ಪೆನ್ಸಿಲ್ ಕಾದು ನಿಂತಿತು. ಮೇಲೆ ಫ್ಯಾನು ತಿರುಗುತ್ತಿತ್ತು.

“ಮುಂದ, ಮೇಡಂ?”

“ಏಕೆಂದರೆ ಅಂವ ದಂಡಿ ಮ್ಯಾಲಿಂದ ನೋಡ್ಯಾನು...” ಎಂದು ಆರಂಭಿಸಿ ನಿಲ್ಲಿಸಿದರು. “ತಡೀರಿ. ಆ ನಕಾಶಿ ಕೊಡ್ರಿ.”

ಸ್ಥಳದ ನಕಾಶೆಯಲ್ಲಿ ಹಳ್ಳದ ದಂಡೆಗೂ ಶೆಟ್ಟೆಪ್ಪ ಬಿದ್ದ ದಾರಿಗೂ ನಡುವೆ ಒಂದು ಚೌಕ ಬರೆದು, ಅದರೊಳಗೆ “ಕಬ್ಬು” ಎಂದು ಬರೆದಿತ್ತು. ವಿಚಾರಣೆಯುದ್ದಕ್ಕೂ ಎಲ್ಲರ ಕಣ್ಣೆದುರಿಗೇ ಇದ್ದ ಎರಡಕ್ಷರ.

“ಶೈಲಾ, ದೀಪಾವಳಿ ಮುಂದ ಕಬ್ಬ ಎಷ್ಟ ಎತ್ತರ ಇರ್ತೈತ್ರಿ?”

ನಾನು ತಲೆಯ ಮೇಲೆ ಕೈಯೆತ್ತಿ ತೋರಿಸಿದೆ. “ಆಳ ಮುಣಗತೈತ್ರಿ ಮೇಡಂ.”

ನಾವಿಬ್ಬರೂ ಕಡತವನ್ನು ಹಾಳೆ ಹಾಳೆ ತಿರುವಿದೆವು. ಕಬ್ಬು ಆ ದಿನ ನಿಂತಿತ್ತೋ ಕಡಿದಿತ್ತೋ ಎಂದು ಪೊಲೀಸರು ಬರೆದಿರಲಿಲ್ಲ, ವಕೀಲರು ಕೇಳಿರಲಿಲ್ಲ, ಸಾಕ್ಷಿ ಹೇಳಿರಲಿಲ್ಲ. ಮೇಡಂ ಎದ್ದು ಕಿಟಕಿಯ ಬಳಿ ನಿಂತರು. ತಿರುಗಿದಾಗ ಅವರ ಮುಖ ಕೆಂಪಾಗಿತ್ತು. “ಬರೆಯದಿದ್ರ ಗೊತ್ತಾಗ್ತಿದ್ದಿಲ್ಲ ನೋಡ್ರಿ. ತಲಿಯಾಗ ತೀರ್ಪ ಮುಗದ ಹೋಗಿತ್ತು. ಹಾಳಿ ಮ್ಯಾಲ ಬರವಲ್ದು!”

ತೀರ್ಪಿನ ದಿನ ತೀರ್ಪು ಬರಲಿಲ್ಲ. ನ್ಯಾಯಾಲಯವೇ ಲಖನನನ್ನು ಮತ್ತೆ ಕರೆಸಿತು. ಸರಕಾರಿ ವಕೀಲರು ಎದ್ದು, “ಸಾಕ್ಷ್ಯ ಎಲ್ಲಾ ಮುಗದೈತ್ರಿ ಮೇಡಂ” ಎಂದು ಆಕ್ಷೇಪಿಸಿದರು. “ತೀರ್ಪ ಇನ್ನೂ ಮುಗದಿಲ್ಲರಿ” ಎಂದು ಮೇಡಂ ಶಾಂತವಾಗಿಯೇ ಉತ್ತರ ಕೊಟ್ಟು, ಲಖನನ ಕಡೆಗೆ ತಿರುಗಿದರು. ಆರೋಪಿಯ ಕಟಕಟೆಯಲ್ಲಿ ಯಲ್ಲಾರಿ ತಲೆ ತಗ್ಗಿಸಿ ನಿಂತಿದ್ದ. ಹಿಂದಿನ ಬೆಂಚಿನಲ್ಲಿ ಶೆಟ್ಟೆಪ್ಪನ ಹೆಂಡತಿ ಯಮನವ್ವ, ಮಗಳು ವಿದ್ಯಾಳ ಕೈ ಹಿಡಿದುಕೊಂಡು ಕುಳಿತಿದ್ದಳು.

“ಲಖನ, ಆವತ್ತ ನಡಬರಕ ಕಬ್ಬ ಇತ್ತೇನು?”

“ಇತ್ತರಿ.”

“ನಿಂತಿತ್ತೋ, ಕಡದಿದ್ರೋ?”

“ನಿಂತಿತ್ತರಿ. ಕಡದದ್ದು ಸಂಕ್ರಾಂತಿ ಮುಂದರಿ.”

“ಹಂಗಾರ ಯಲ್ಲಾರಿ ಹೊಡದದ್ದ ಹೆಂಗ ಕಾಣಿಸ್ತು?”

ಲಖನ ಟವೆಲಿನ ಅಂಚನ್ನು ತಿರುವತೊಡಗಿದ. “ಕಣ್ಣಿಲೆ ಕಂಡಿಲ್ಲರಿ. ‘ಯಲ್ಲಾರೀ’ ಅಂತ ಶೆಟ್ಟೆಪ್ಪ ಒದರಿದ್ದ ಕೇಳ್ತರಿ. ಓಡಿ ಬಂದ ನೋಡಿದ್ರ ಯಲ್ಲಾರಿ ಮೈಯೆಲ್ಲಾ ರಕ್ತ ಮಾಡ್ಕೊಂಡ ಕುಂತಿದ್ದ. ಹೊಡದಾಂವ ಇವನ ಅಂತ ತಿಳಕೊಂಡ್ನಿರಿ. ಎಲ್ಲಾರೂ ಹಂಗ ಅಂದ್ರು. ನಾನೂ ಅಂದ್ನಿರಿ.”

“ಶೆಟ್ಟೆಪ್ಪ ಹೆಂಗ ಒದರಿದ? ಬೈದಂಗೋ, ಕರದಂಗೋ?”

ಲಖನ, ನೆನಪಿನ ಆ ದನಿಯನ್ನು ಹುಡುಕುವವನಂತೆ ಕಣ್ಣು ಮುಚ್ಚಿ, ತಾನೇ ಕೂಗಿದ: “ಯಲ್ಲಾರೀ... ಲಗೂನ ಬಾರೋ...”

ಕೂಗಿ ಮುಗಿಸಿ ಕಣ್ಣು ತೆರೆದಾಗ ತಾನೇನು ಹೇಳಿದೆನೆಂದು ಅವನಿಗೇ ಹೊಳೆದಿರಬೇಕು. ಕಟಕಟೆಯ ಸರಳು ಹಿಡಿದು ಗಳಗಳನೆ ಅತ್ತುಬಿಟ್ಟ. ಕಣ್ಣು ತುಂಬಿ ಬಂದು ನನ್ನ ಹಾಳೆಯ ಮೇಲಿನ ಗೆರೆಗಳು ಕಲಸಿಹೋಗಿದ್ದವು. ಯಲ್ಲಾರಿ ಮಾತ್ರ ಅಳಲಿಲ್ಲ. ಎರಡು ವರ್ಷದಿಂದ ತಾನು ಹೇಳುತ್ತ ಬಂದದ್ದನ್ನು ಯಾರೋ ಕೊನೆಗೆ ಕೇಳಿಸಿಕೊಂಡರೆಂಬಂತೆ ತಲೆಯೆತ್ತಿ ಸುಮ್ಮನೆ ಪೀಠವನ್ನು ನೋಡುತ್ತಿದ್ದ.

ತೀರ್ಪನ್ನು ಮೊದಲಿನಿಂದ ಮತ್ತೆ ಬರೆಸಿದರು. ಈ ಸಲ ಎಲ್ಲಿಯೂ ತಡೆಯಾಗಲಿಲ್ಲ, ಹೊಳೆಯ ನೀರಿನಂತೆ ಹರಿಯಿತು. ಪ್ರತಿ ಪ್ರಶ್ನೆ, ಅದಕ್ಕೆ ಎರಡೂ ಕಡೆಯ ಉತ್ತರ, ನ್ಯಾಯಾಲಯದ ತೀರ್ಮಾನ, ಅದರ ಕಾರಣ. ಯಲ್ಲಾರಿ ನಿರ್ದೋಷಿ. ಆದರೆ ಮೇಡಂ ಅಲ್ಲಿಗೆ ನಿಲ್ಲಿಸಲಿಲ್ಲ. “ಇನ್ನ ಯಮನವ್ವನ ಸಲುವಾಗಿ ಬರಕೋರಿ” ಎಂದರು. ಈ ಮೊಕದ್ದಮೆಯಲ್ಲಿ ಸೋತವಳು ಆಕೆಯಲ್ಲವೇ? ಆ ಭಾಗದಲ್ಲಿ, ಶೆಟ್ಟೆಪ್ಪನನ್ನು ಯಾರೋ ಹೊಡೆದು ಕೊಂದದ್ದು ಸಾಬೀತಾಗಿದೆಯೆಂದೂ, ಕೊಂದವರು ಯಾರೆಂಬುದು ಸಾಬೀತಾಗಿಲ್ಲವೆಂದೂ, ತನಿಖೆಯಲ್ಲಿ ಯಾವ ಯಾವ ಪ್ರಶ್ನೆಗಳನ್ನು ಯಾರೂ ಕೇಳಿಲ್ಲವೆಂದೂ ಬಿಡಿಬಿಡಿಯಾಗಿ ಬರೆಸಿದರು. ಮರುತನಿಖೆಯ ವಿಚಾರವನ್ನು ಪರಿಶೀಲಿಸಬೇಕೆಂದು ಮೇಲಧಿಕಾರಿಗಳಿಗೆ ಸೂಚಿಸಿದರು. ಆಕೆಗೆ ಪರಿಹಾರ ದೊರಕಿಸಲು ಶಿಫಾರಸು ಮಾಡಿದರು.

ತೀರ್ಪು ಓದಿದ ದಿನ ಯಮನವ್ವ ಬೆಂಚಿನಿಂದ ಎದ್ದು ನಿಂತು ಕೂಗಿದಳು: “ಹಂಗಾರ ನನ್ನ ಗಂಡನ್ನ ಯಾರ ಕೊಂದರ್ರೀ?” ಪೊಲೀಸ್ ಪೇದೆ ಸುಮ್ಮನಿರಿಸಲು ಮುಂದೆ ಬಂದ. ಮೇಡಂ ಕೈಯೆತ್ತಿ ಅವನನ್ನು ತಡೆದರು.

“ಯವ್ವಾ, ಅದು ಈ ಕೋರ್ಟಿಗೆ ಗೊತ್ತಾಗಿಲ್ಲ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ನಾ ಬರದ್ರ, ಖರೇ ಕೊಂದಾಂವ ಆರಾಮ ಅಡ್ಡಾಡ್ತಾನು. ಏನೇನ ಹುಡುಕಬೇಕಿತ್ತು ಅನ್ನೂದನ್ನ ಕಡೀ ಪುಟದಾಗ ಬರದೇನಿ. ಆ ಪುಟ ನಿಂದು. ಮಗಳ ಕಡಿಂದ ಓದಸ್ಕೋ.”

ವಿದ್ಯಾ ಕಾಲೇಜಿನ ಹುಡುಗಿ. ನ್ಯಾಯಾಲಯದ ವರಾಂಡದಲ್ಲಿಯೇ ಕುಳಿತು ತಾಯಿಗೆ ಓದಿ ಹೇಳಿದಳು. ಬಾಗಿಲ ಬಳಿ ನಿಂತು ನಾನೂ ಕೇಳಿದೆ. ಒಂದು ಕಡೆಯೂ ಆ ಹುಡುಗಿ ತಡವರಿಸಲಿಲ್ಲ, ಒಂದು ಪದದ ಅರ್ಥವನ್ನೂ ತಾಯಿ ಕೇಳಲಿಲ್ಲ. ನನ್ನ ಬೆರಳಚ್ಚಿನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬಂದಿಲ್ಲ.

ಮುಂದೆ ನಡೆದದ್ದನ್ನು ಕೇಳಿದರೆ ನೀವೂ ಬೆರಗಾಗುತ್ತೀರಿ. ತಾಯಿ ಮಗಳು ಆ ಪುಟವನ್ನು ಹಿಡಿದು ಬೆಳಗಾವಿಯ ಅಧಿಕಾರಿಗಳ ಬಾಗಿಲಿಗೆ ಹತ್ತಾರು ಸಲ ಹೋದರು. ಅವರನ್ನು ತನ್ನ ಟಂಟಂ ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದವನು ಯಲ್ಲಾರಿ! ಮೊದಮೊದಲು ಯಮನವ್ವ ಅವನ ಮುಖ ನೋಡುತ್ತಿರಲಿಲ್ಲವಂತೆ. ಹಿಂದಿನ ಸೀಟಿನಲ್ಲಿ ಸೆರಗು ಎಳೆದುಕೊಂಡು ಕೂರುತ್ತಿದ್ದಳಂತೆ. ಒಮ್ಮೆ ನಕಲು ಪ್ರತಿ ಪಡೆಯಲು ಯಲ್ಲಾರಿ ಗೋಕಾಕ ನ್ಯಾಯಾಲಯಕ್ಕೆ ಬಂದಿದ್ದ. ಇಷ್ಟೆಲ್ಲ ಅನುಭವಿಸಿದ ಮೇಲೂ ಯಾಕಪ್ಪ ಓಡಾಡುತ್ತೀ ಎಂದು ನಾನು ಕೇಳಿದೆ. “ಅಂವ ನನ್ನ ಕರದಿದ್ದನ್ರಿ. ಆವತ್ತ ಮುಟ್ಟೂದು ತಡಾ ಆತು. ಈಗರ ಹೋಗಬೇಕಲ್ರಿ” ಎಂದ. ಕೊನೆಗೆ ಮರುತನಿಖೆಯಾಯಿತು, ಬೇರೊಬ್ಬನ ಬಂಧನವೂ ಆಯಿತು. ಆ ಪ್ರಕರಣ ಇನ್ನೂ ನಡೆಯುತ್ತಿರುವುದರಿಂದ ಹೆಚ್ಚೇನನ್ನೂ ಬರೆಯುವುದು ನನಗೆ ತರವಲ್ಲ. ಯಮನವ್ವ ಮತ್ತು ಯಲ್ಲಾರಿಯ ಮನೆಯವರು ಈಗ ಆ ಬಾವಿಯ ನೀರನ್ನು ಜಗಳವಿಲ್ಲದೆ ಹಂಚಿಕೊಳ್ಳುತ್ತಾರೆಂದಷ್ಟೇ ಹೇಳಬಲ್ಲೆ.

ಮೇಡಂ ಅವರಿಗೆ ವಿರಾಮ ಕೋರುವ ಧೈರ್ಯ ನನಗಿಲ್ಲ. ನಿವೃತ್ತಿಯ ಮರುವಾರವೇ ಅವರ ಫೋನು ಬಂತು. ಹೊಸ ನ್ಯಾಯಾಧೀಶರಿಗೂ ಕಿರಿಯ ವಕೀಲರಿಗೂ ತೀರ್ಪು ಬರೆಯುವ ಬಗೆಯನ್ನು ಕನ್ನಡದಲ್ಲಿ ತಿಳಿಸುವ ಪುಸ್ತಕವೊಂದನ್ನು ಅವರು ಶುರುಮಾಡಿದ್ದಾರೆ. ಶನಿವಾರ ಶನಿವಾರ ಹುಕ್ಕೇರಿಯ ವಕೀಲರ ಸಂಘದ ಕೋಣೆಯಲ್ಲಿ ಪಾಠವನ್ನೂ ಮಾಡಲಿದ್ದಾರೆ. “ನೀವೂ ಪಾಠಾ ಮಾಡಬೇಕ್ರಿ ಶೈಲಾ. ವಾಕ್ಯ ಎಲ್ಲಿ ಕೆಡತಾವ ಅನ್ನೂದು ನನಗಿಂತ ನಿಮ್ಮ ಕಿವಿಗೆ ಲಗೂನ ಗೊತ್ತಾಗತೈತಿ” ಎಂದರು. ಅವರ ಮಾತು ಮುಗಿಯುವ ಮೊದಲೇ ನಾನು ಹೂಂ ಎಂದಿದ್ದೆ!

ಶ್ರೀಮತಿ ಅನ್ನಪೂರ್ಣಾ ಮುಗಳಿ ಅವರಿಗೆ ದೀರ್ಘಾಯುಷ್ಯವೂ ಗಟ್ಟಿ ಆರೋಗ್ಯವೂ ಇರಲಿ; ಅವರ ಪುಸ್ತಕ ಬೇಗ ಮುಗಿಯಲಿ, ಅದರ ಬೆನ್ನಿಗೇ ಇನ್ನೊಂದು ಶುರುವಾಗಲಿ. ಅವರಿಂದ ಕಲಿತವರು ಬೀದರಿನಿಂದ ಚಾಮರಾಜನಗರದವರೆಗೆ ಪೀಠಗಳ ಮೇಲೆ ಕುಳಿತು ಬರೆಯುವುದನ್ನು ಅವರು ಕಣ್ತುಂಬ ಕಾಣಲಿ. ಮೊದಲ ಪಾಠ ಬರುವ ಶನಿವಾರ. ಮೂಡಲಗಿಯಿಂದಲೂ ಗೋಕಾಕದಿಂದಲೂ ಹೆಸರು ಕೊಟ್ಟವರು ಎಷ್ಟು ಮಂದಿಯೆಂದರೆ, ಸಂಘದವರು ಕುರ್ಚಿ ಸಾಲದೆ ಕಲ್ಯಾಣಮಂಟಪದಿಂದ ತರಿಸುತ್ತಿದ್ದಾರೆ. ನಾನು ಹೊಸ ಸೀರೆಯನ್ನು ಇಸ್ತ್ರಿ ಮಾಡಿಸಿಟ್ಟಿದ್ದೇನೆ.